ದಿಯುವಿನಲ್ಲಿ ಎರಡು ರಾತ್ರಿ: ಏನೇನು ನೋಡಬಹುದು, ಯಾವ ಹೊತ್ತಿಗೆ?

ಧಾರವಾಡದವಳು (ಪ್ರಶ್ನೆ)

ಜನವರಿ ಎರಡನೇ ವಾರ ಸೋಮನಾಥ ಮುಗಿಸಿಕೊಂಡು ಗುಜರಾತ್ ಕರಾವಳಿಯ ದಿಯು ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಎರಡು ರಾತ್ರಿ ಇರುತ್ತೇವೆ, ನಡುವೆ ಸಿಗುವುದು ಒಂದೂವರೆ ಹಗಲು. ನಾವಿಬ್ಬರು, ಒಂಬತ್ತು ವರ್ಷದ ಮಗ, ಎಪ್ಪತ್ತು ದಾಟಿದ ಅತ್ತೆ-ಮಾವ. ಮಾವನಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಹತ್ತಲಾರರು. ಅತ್ತೆಗೆ ಗಂಗೇಶ್ವರ ನೋಡಲೇಬೇಕು. ಮಗನಿಗೆ ನೀರಾಟ. ನಮಗಿಬ್ಬರಿಗೆ ಹಳೇ ಊರು, ಕೋಟೆ, ಮೀನುಗಾರಿಕೆ ಬಂದರು ಇಷ್ಟ. ಮದ್ಯದ ಅಂಗಡಿಗಳ ವಿಷಯ ಬೇಡ. ಗೂಗಲ್‌ನಲ್ಲಿ ಹುಡುಕಿದರೆ ಬರೀ "ನೋಡಬೇಕಾದ ಹತ್ತು ಜಾಗ" ಅಂತ ಬರುತ್ತದೆ. ಯಾವ ಜಾಗಕ್ಕೆ ಯಾವಾಗ ಹೋಗಬೇಕು, ಎಲ್ಲಿ ಜಾಗ್ರತೆ ಬೇಕು ಅಂತ ತಿಳಿದವರು ಹೇಳಿದರೆ ಉಪಕಾರ. ಸೋಮನಾಥದಿಂದ ಬೆಳಗ್ಗೆ ಹೋಗಿ ಸಂಜೆ ವಾಪಸಾದರೆ ಸಾಕು ಅನ್ನುವವರೂ ಇದ್ದಾರೆ. ನಿಜವೇ?

---

ಸೌರಾಷ್ಟ್ರ ಸುತ್ತಾಟ

ಸಂಜೆ ವಾಪಸಾದರೆ ಸಾಕು ಅನ್ನುವ ಮಾತು ಬಿಟ್ಟುಬಿಡಿ. ಸೋಮನಾಥದಿಂದ ದಿಯು ಸುಮಾರು 85 ಕಿ.ಮೀ. ಕೋಡಿನಾರ್, ಊನಾ ದಾಟಿ ಬರಲು ಎರಡು-ಎರಡೂವರೆ ಗಂಟೆ ಬೇಕು. ಹಾಗೆ ಬರುವವರು ತಲುಪುವುದು ಹನ್ನೊಂದಕ್ಕೆ, ಹೊರಡುವುದು ನಾಲ್ಕಕ್ಕೆ. ನೆತ್ತಿಯ ಮೇಲೆ ಬಿಸಿಲು ಇರುವಾಗ ಕೋಟೆ ಹತ್ತುತ್ತಾರೆ. ದಿಯುವಿನ ಎರಡು ಒಳ್ಳೆಯ ಹೊತ್ತು, ಅಂದರೆ ಬೆಳಗಿನ ಮೊದಲ ಮೂರು ಗಂಟೆ ಮತ್ತು ಸೂರ್ಯಾಸ್ತದ ಆಸುಪಾಸು, ಎರಡೂ ಅವರಿಗೆ ಸಿಗುವುದಿಲ್ಲ.

ಹೊತ್ತಿನ ಲೆಕ್ಕ ಮೊದಲೇ ತಲೆಯಲ್ಲಿರಲಿ. ದಿಯು ನಮಗಿಂತ ತುಂಬ ಪಶ್ಚಿಮಕ್ಕಿದೆ. ಜನವರಿ ನಡುವಿನಲ್ಲಿ ಸೂರ್ಯ ಹುಟ್ಟುವುದೇ ಏಳೂವರೆಯ ಹತ್ತಿರ, ಬೆಂಗಳೂರಿಗಿಂತ ಮುಕ್ಕಾಲು ಗಂಟೆಯಷ್ಟು ತಡ. ಮುಳುಗುವುದು ಆರೂ ಇಪ್ಪತ್ತೈದರ ಸುಮಾರಿಗೆ. ಐದೂವರೆಗೆ ಎದ್ದು ಕೂತರೆ ಕತ್ತಲಲ್ಲಿ ಕಾಯುವುದೇ ಆಗುತ್ತದೆ. ನೆತ್ತಿಸೂರ್ಯನೂ ಹನ್ನೆರಡಕ್ಕಲ್ಲ, ಒಂದು ಗಂಟೆಗೆ ಐದು ನಿಮಿಷ ಇರುವಾಗ. ನಾಯ್ಡಾ ಗುಹೆಗೆ ಈ ಲೆಕ್ಕ ಬೇಕಾಗುತ್ತದೆ.

ದ್ವೀಪ ಉದ್ದಕ್ಕೆ ಹನ್ನೊಂದು-ಹನ್ನೆರಡು ಕಿ.ಮೀ. ಪೂರ್ವದ ತುದಿಯಲ್ಲಿ ದಿಯು ಊರು, ಕೋಟೆ, ಬಂದರು. ಪಶ್ಚಿಮದ ತುದಿಯಲ್ಲಿ ವಣಕ್‌ಬಾರಾ. ನಡುವೆ, ಊರಿನಿಂದ ಏಳೆಂಟು ಕಿ.ಮೀ. ದೂರದಲ್ಲಿ ನಾಗೋವಾ ಕಡಲತೀರ. ಘೋಘಲಾ ದ್ವೀಪದಲ್ಲಿಲ್ಲ, ಎದುರಿನ ದಡದಲ್ಲಿದೆ. ಸೇತುವೆ ದಾಟಿದರೆ ಊರು. ಊನಾದಿಂದ ಬಸ್ಸಿನಲ್ಲಿ ಬಂದರೆ ಈ ಸೇತುವೆಯ ಮೇಲೇ ಬರುತ್ತೀರಿ. ತಡ್ ಎಂಬಲ್ಲಿ ಇನ್ನೊಂದು ಸೇತುವೆ ಇದೆ, ಸ್ವಂತ ಗಾಡಿಯಲ್ಲಿ ನಾಗೋವಾಕ್ಕೆ ನೇರ ಹೋಗುವವರಿಗೆ ಅನುಕೂಲ.

ಉಳಿಯುವುದು ಊರಿನಲ್ಲೋ ಘೋಘಲಾದಲ್ಲೋ ಇರಲಿ. ನಾಗೋವಾದಲ್ಲಿ ಬೇಡ ಅನ್ನಲು ಎರಡು ಕಾರಣ. ಶನಿವಾರ ರಾತ್ರಿ ಅಲ್ಲಿ ಗದ್ದಲ ಹೆಚ್ಚು. ಅಲ್ಲದೆ ಬೆಳಗಿನ ಹೊತ್ತು ಊರಿನ ಗಲ್ಲಿಗಳಲ್ಲಿ ನಡೆದಾಡಲು ಪ್ರತಿ ಸಲ ಆಟೊ ಹಿಡಿಯಬೇಕಾಗುತ್ತದೆ.

ಮುಖ್ಯವಾದದ್ದೊಂದಿದೆ. ಜನವರಿ 14, 15 ಗುಜರಾತಿನಲ್ಲಿ ಉತ್ತರಾಯಣ, ಗಾಳಿಪಟದ ಹಬ್ಬ. ಆ ರಜೆಗೆ ವಾರಾಂತ್ಯ ತಾಗಿದರೆ ಕೋಣೆ ಸಿಗುವುದೇ ಕಷ್ಟ. ದಿನ ಬದಲಿಸಲು ಆದರೆ ಆ ಎರಡು ದಿನ ತಪ್ಪಿಸಿ. ಆಗದಿದ್ದರೆ ಸ್ಕೂಟರ್ ಬಾಡಿಗೆಗೆ ಪಡೆಯಬೇಡಿ, ಆಟೊ ಹಿಡಿಯಿರಿ. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ರಸ್ತೆಗೆ ಅಡ್ಡ ಜೋತುಬಿದ್ದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸ್ಕೂಟರಿನಲ್ಲಿ ಮುಂದೆ ನಿಂತ ಮಗುವಿನ ಕುತ್ತಿಗೆಯ ಎತ್ತರಕ್ಕೇ ಅದು ಸಿಕ್ಕುವುದು. ಬೇರೆ ದಿನಗಳಲ್ಲಾದರೆ ಸ್ಕೂಟರ್ ಒಳ್ಳೆಯದು, ರಸ್ತೆ ಸಮತಟ್ಟು. ಪಡೆಯುವಾಗ ಮುಂದಿನ ಬ್ರೇಕ್, ಟಯರು, ಪೆಟ್ರೋಲ್ ಮುಳ್ಳು ನೋಡಿ, ಇರುವ ಗೀರುಗಳ ಫೋಟೊ ಅಲ್ಲೇ ತೆಗೆದಿಡಿ. ಉಪ್ಪುಗಾಳಿಗೆ ಬ್ರೇಕ್ ಕೇಬಲ್ ಬೇಗ ತುಕ್ಕು ಹಿಡಿಯುತ್ತದೆ, ಹಿಡಿ ಒತ್ತಿದ ಮೇಲೆ ಸಲೀಸಾಗಿ ಹಿಂದಕ್ಕೆ ಬರುತ್ತದೆಯೇ ನೋಡಬೇಕು.

---

ಕೋಟೆಕೊತ್ತಲ

ಕೋಟೆಯ ಬಗ್ಗೆ ಬರೆಯುತ್ತೇನೆ.

ಬಾಗಿಲು ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ. ಎಂಟಕ್ಕೇ ಹೋಗಿ. ಒಳಗೆ ನೆರಳು ಕಡಿಮೆ, ಹತ್ತೂವರೆಯ ನಂತರ ಕಲ್ಲು ಕಾಯುತ್ತದೆ. ನಿಧಾನವಾಗಿ ನೋಡಲು ಎರಡು ಗಂಟೆ ಬೇಕು. ತಲೆಗೊಂದು ಲೀಟರ್ ನೀರು ಹೊರಗಿನಿಂದಲೇ ಒಯ್ಯಿರಿ.

ಒಳಗೆ ಹೋಗುವ ಮುಂಚೆ ಐದು ನಿಮಿಷ ಹೊರಗೇ ನಿಂತು ನೋಡಿ. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ, ಊರಿನತ್ತ, ಒಂದರ ಹಿಂದೆ ಒಂದು ಎರಡು ಕಂದಕ. ಕಡಲಿನ ನೀರು ಒಳಗೆ ಬರುವ ಕಂದಕ ಬಂಡೆಯನ್ನೇ ಕಡಿದು ಮಾಡಿದ್ದು. ಈ ಜೋಡಿ ಕಂದಕ ಯಾಕೆ ಬೇಕಾಯಿತು ಅನ್ನುವುದು ಊರಿನ ಇತಿಹಾಸದಲ್ಲೇ ಇದೆ. 1509ರಲ್ಲಿ ದಿಯುವಿನ ಎದುರಿನ ಕಡಲಲ್ಲಿ ಪೋರ್ಚುಗೀಸರು ಈಜಿಪ್ಟಿನ ಮಾಮ್ಲೂಕರು ಮತ್ತು ಗುಜರಾತಿನ ಸುಲ್ತಾನರ ಕೂಡುಪಡೆಯನ್ನು ಸೋಲಿಸಿದರು. ಆದರೂ ಊರು ಅವರ ಕೈಗೆ ಬರಲಿಲ್ಲ. ಹುಮಾಯೂನನ ದಂಡು ಬೆನ್ನು ಹತ್ತಿದಾಗ ಸುಲ್ತಾನ್ ಬಹಾದುರ್ ಶಾ ಪೋರ್ಚುಗೀಸರ ನೆರವು ಕೇಳಿ, 1535ರಲ್ಲಿ ಕೋಟೆ ಕಟ್ಟಲು ಒಪ್ಪಿಗೆ ಕೊಟ್ಟ. ಎರಡೇ ವರ್ಷದಲ್ಲಿ, 1537ರಲ್ಲಿ, ಇದೇ ಕಡಲಲ್ಲಿ ಅವರೊಂದಿಗಿನ ಜಗಳದಲ್ಲಿ ಸತ್ತ. 1538ರಲ್ಲಿ ಸೂಯೆಜ್‌ನಿಂದ ಹೊರಟ ಒಟ್ಟೊಮನ್ ನೌಕಾಪಡೆ ಬಂದು ಮುತ್ತಿಗೆ ಹಾಕಿತು, 1546ರಲ್ಲಿ ಇನ್ನೊಂದು ಮುತ್ತಿಗೆ. ಎರಡೂ ಸಲ ಕೋಟೆ ಉಳಿಯಿತು, ಆದರೆ ಗೋಡೆಗಳು ನಜ್ಜುಗುಜ್ಜಾಗಿದ್ದವು. ಇವತ್ತು ಕಾಣುವ ದಪ್ಪ ಬುರುಜುಗಳಲ್ಲಿ ಬಹುಪಾಲು ಆ ಪೆಟ್ಟು ತಿಂದ ಮೇಲೆ ಕಟ್ಟಿದವು. ಪೋರ್ಚುಗೀಸರು ಇಲ್ಲಿಂದ ಹೋದದ್ದು 1961ರ ಡಿಸೆಂಬರ್ 19ರಂದು, ಗೋವಾದ ಜೊತೆಗೇ.

ಬುರುಜುಗಳ ಮೇಲೆ ಹಳೆಯ ಫಿರಂಗಿಗಳಿವೆ, ಕಬ್ಬಿಣದವೂ ಕಂಚಿನವೂ. ಕಂಚಿನವುಗಳನ್ನು ಹತ್ತಿರ ಹೋಗಿ ನೋಡಿ, ಮೇಲೆ ಲಾಂಛನ, ಬರಹ ಸ್ಪಷ್ಟವಾಗಿ ಉಳಿದಿವೆ. ಉಪ್ಪುಗಾಳಿ ಕಬ್ಬಿಣವನ್ನು ಹೊಪ್ಪಳಿಕೆ ಹೊಪ್ಪಳಿಕೆಯಾಗಿ ತಿಂದಿದೆ, ಕಂಚಿಗೆ ಹಸಿರು ಬಣ್ಣ ಬಂದದ್ದಷ್ಟೇ. ಮಗನಿಗೆ ಇದನ್ನು ತೋರಿಸಿ, ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅವನ ಕೈ ಬಿಡಬೇಡಿ. ಹಲವು ಕಡೆ ಗೋಡೆಯ ಅಂಚಿಗೆ ಕಂಬಿ ಇಲ್ಲ, ಕೆಳಗೆ ಬಂಡೆ.

ಮಾವನಿಗೆ ದೀಪಸ್ತಂಭದವರೆಗಿನ ಏರು ಬೇಡ. ಬಾಗಿಲು ದಾಟಿ ಒಳಗಿನ ಅಂಗಳದವರೆಗೆ ಕಲ್ಲುಹಾಸಿನ ದಾರಿಯಲ್ಲಿ ನಿಧಾನವಾಗಿ ಬರಬಹುದು. ಸಮುದ್ರದ ಕಡೆಯ ಗೋಡೆಯ ಹತ್ತಿರ ಕೂತರೆ ನೀರಿನ ನಡುವಿನ ಪಾಣಿಕೋಟಾ ಎಂಬ ಪುಟ್ಟ ಕೋಟೆ ಕಾಣುತ್ತದೆ.

ಕೋಟೆಯಿಂದ ಹೊರಬಂದು ಅಲ್ಲೇ ಹತ್ತಿರದ ಸೇಂಟ್ ಪಾಲ್ ಚರ್ಚು ನೋಡಿ. 1601ರಲ್ಲಿ ಶುರುವಾಗಿ 1610ರಲ್ಲಿ ಮುಗಿದದ್ದು, ಈಗಲೂ ಪ್ರಾರ್ಥನೆ ನಡೆಯುತ್ತದೆ. ಮುಂಭಾಗದ ಕೆತ್ತನೆಯನ್ನು ರಸ್ತೆಯ ಆಚೆ ಬದಿಗೆ ನಿಂತು ನೋಡಬೇಕು, ಬುಡದಲ್ಲಿ ನಿಂತರೆ ಮೇಲಿನ ಅಂತಸ್ತು ಕಾಣುವುದಿಲ್ಲ. ಸೇಂಟ್ ಥಾಮಸ್ ಚರ್ಚು ಈಗ ವಸ್ತುಸಂಗ್ರಹಾಲಯ: ಮರದ ಸಂತರ ಮೂರ್ತಿಗಳು, ಶಾಸನದ ಕಲ್ಲುಗಳು. ಮೂರನೆಯದು, ಸೇಂಟ್ ಫ್ರಾನ್ಸಿಸ್, ಆಸ್ಪತ್ರೆಯಾಗಿದೆ. ಅದನ್ನು ಹೊರಗಿನಿಂದ ನೋಡಿದರೆ ಸಾಕು.

ಹಳೇ ಊರಿನ ಗಲ್ಲಿಗಳಿಗೆ ಪಟ್ಟಿ ಬೇಡ, ನಡೆದರಾಯಿತು. ನಗರ ಸೇಠರ ಹವೇಲಿ ಇರುವ ಕಡೆಯಿಂದ ಝಾಂಪಾ ಬಾಗಿಲಿನತ್ತ ಹೋಗಿ. ಕೆಂಪು ಬಳಿದ ಆ ಬಾಗಿಲಿನ ಮೇಲೆ ಸಿಂಹ, ದೇವದೂತರು, ಪಾದ್ರಿ ಕೆತ್ತನೆಗಳಿವೆ. ಗಲ್ಲಿಗಳಲ್ಲಿ ಬೀಗ ಹಾಕಿದ ಮನೆಗಳು ಬಹಳ ಕಾಣುತ್ತವೆ. 1961ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗಲ್ ಪೌರತ್ವ ಪಡೆಯುವ ದಾರಿಯಿತ್ತು, ಹಾಗಾಗಿ ಎಷ್ಟೋ ಕುಟುಂಬ ಲಿಸ್ಬನ್, ಇಂಗ್ಲೆಂಡ್ ಸೇರಿವೆ. ಹಾಳುಬಿದ್ದ ಮನೆ ಅಂದುಕೊಂಡು ಒಳಗೆ ಹೋಗಿ ಫೋಟೊ ತೆಗೆಯಬೇಡಿ, ಒಡೆಯರಿದ್ದಾರೆ.

ನಾಯ್ಡಾ ಗುಹೆ ಊರಿನ ಗೋಡೆಯ ಹೊರಗೆ, ಜಲಂಧರ್ ಕಡಲತೀರದ ದಿಕ್ಕಿನಲ್ಲಿ. ಹೆಸರು ಗುಹೆ, ಆದರೆ ಇದು ಕಲ್ಲಿನ ಕೋರೆ. ಕೋಟೆಗೆ, ಊರಿಗೆ ಬೇಕಾದ ಕಲ್ಲನ್ನು ಇಲ್ಲಿಂದ ಕಡಿದರು. ಸೌರಾಷ್ಟ್ರದ ಈ ಕರಾವಳಿಯಲ್ಲಿ ಸಿಗುವುದು ಮಿಲಿಯೊಲೈಟ್ ಎಂಬ ಸುಣ್ಣಕಲ್ಲು, ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ ಕಡಿಯಲು ಸುಲಭ. ಮೇಲಿನ ಪದರ ಕುಸಿಯದಂತೆ ಅಲ್ಲಲ್ಲಿ ಕಂಬ ಬಿಟ್ಟು, ಉಳಿದದ್ದನ್ನು ಚೌಕ ಚೌಕವಾಗಿ ತೆಗೆದಿದ್ದಾರೆ. ಮೇಲೆ ತೆರೆದುಕೊಂಡ ಕಿಂಡಿಗಳಿಂದ ಬೆಳಕು ಇಳಿಯುತ್ತದೆ. ಜನವರಿಯ ಸೂರ್ಯ ನಡುಹಗಲಲ್ಲೂ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ, ಹಾಗಾಗಿ ಬೆಳಕು ನೆಲಕ್ಕೆ ಬೀಳದೆ ಗೋಡೆಗೆ ಓರೆಯಾಗಿ ಬೀಳುತ್ತದೆ. ಹನ್ನೆರಡರಿಂದ ಎರಡರ ನಡುವೆ ಹೋಗಿ. ನಾಲ್ಕರ ನಂತರ ಒಳಗೆ ಬರೀ ಬೂದು ಕತ್ತಲು. ನೆಲ ಏರುಪೇರು, ಮಾವ ಬಾಯಿಯ ಹತ್ತಿರವೇ ನಿಂತರೆ ಒಳಿತು.

---

ಕಡಲ್ತಡಿ

ಸಮುದ್ರದ ಕಡೆಯದನ್ನು ನಾನು ಹೇಳುತ್ತೇನೆ. ಗಂಗೇಶ್ವರಕ್ಕೆ ಗಡಿಯಾರ ನೋಡಿ ಹೋಗುವುದಲ್ಲ, ಉಬ್ಬರ-ಇಳಿತ ನೋಡಿ ಹೋಗುವುದು.

ಫುದಮ್ ಹಳ್ಳಿಯ ಹತ್ತಿರ, ಊರಿನಿಂದ ಮೂರು ಕಿ.ಮೀ. ದೂರದಲ್ಲಿ, ಬಂಡೆಯ ಬುಡದಲ್ಲಿ ಐದು ಶಿವಲಿಂಗಗಳಿವೆ. ಪಾಂಡವರು ಸ್ಥಾಪಿಸಿದ್ದೆಂದು ನಂಬಿಕೆ. ಅಲೆ ಬಂದು ಲಿಂಗಗಳ ಮೇಲೆ ಹಾದು ಹಿಂದಕ್ಕೆ ಹೋಗುವುದೇ ಅಲ್ಲಿಯ ಅಭಿಷೇಕ. ಪೂರ್ತಿ ಉಬ್ಬರವಿದ್ದಾಗ ಹೋದರೆ ಲಿಂಗಗಳೇ ನೀರೊಳಗೆ, ಇಳಿಯಲೂ ಆಗದು. ಪೂರ್ತಿ ಇಳಿತವಿದ್ದಾಗ ಹೋದರೆ ಒಣ ಬಂಡೆಯ ಮೇಲೆ ಲಿಂಗ ಕಾಣುತ್ತದೆ, ಅಲೆ ಇರುವುದಿಲ್ಲ. ನೀರು ಏರುತ್ತಿರುವಾಗ, ಉಬ್ಬರಕ್ಕೆ ಎರಡು-ಮೂರು ಗಂಟೆ ಮುಂಚೆ ತಲುಪಬೇಕು.

ಲೆಕ್ಕ ಹಾಕುವುದು ಹೀಗೆ. ದಿನಕ್ಕೆ ಎರಡು ಉಬ್ಬರ, ಒಂದರಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಅಂದರೆ ಪ್ರತಿದಿನ ಹೊತ್ತು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಮೊಬೈಲಿನಲ್ಲಿ ದಿಯು ಅಥವಾ ವೇರಾವಳದ ಉಬ್ಬರದ ಪಟ್ಟಿ ಸಿಗುತ್ತದೆ. ಬಂದ ದಿನವೇ ಬಂದರುಕಟ್ಟೆಯಲ್ಲಿ ದೋಣಿಯವರನ್ನು "ಭರತಿ ಕಿತನೆ ಬಜೆ?" ಅಂತ ಕೇಳಿದರೂ ಸಾಕು. ಗುಜರಾತಿಯಲ್ಲಿ ಉಬ್ಬರಕ್ಕೆ ಭರತಿ, ಇಳಿತಕ್ಕೆ ಓಟ್. ನಮ್ಮ ಕರಾವಳಿಯವರ "ಭರತ"ವೇ ಅದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ಪಂಚಾಂಗ ನೋಡುವ ಮನೆಯಾದರೆ ಅತ್ತೆಯವರೇ ಹೇಳಿಯಾರು.

ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ. ಜಾರಿ ಬೀಳುವುದು ಹೆಚ್ಚಾಗಿ ಇಳಿಯುವಾಗಲ್ಲ. ಅಲೆ ಬಂತೆಂದು ಗಡಬಡಿಸಿ ಹಿಂದೆ ಸರಿಯುವಾಗ ಬೀಳುತ್ತಾರೆ. ಒಬ್ಬರು ಅತ್ತೆಯ ಕೈ ಹಿಡಿದು, ಅಲೆ ಬಂದಾಗ ನಿಂತಲ್ಲೇ ಗಟ್ಟಿಯಾಗಿ ನಿಲ್ಲಿ. ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡರೆ ಒಳ್ಳೆಯದು.

ನೀರಾಟಕ್ಕೆ ಘೋಘಲಾಕ್ಕೇ ಹೋಗಿ. 2020ರಲ್ಲಿ ಭಾರತಕ್ಕೆ ಮೊದಲ ಬಾರಿ ಎಂಟು ನೀಲಿ ಬಾವುಟದ (ಬ್ಲೂ ಫ್ಲ್ಯಾಗ್, ಸ್ವಚ್ಛತೆ-ಸುರಕ್ಷತೆಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ) ಕಡಲತೀರಗಳು ಸಿಕ್ಕಾಗ ಘೋಘಲಾ ಅದರಲ್ಲಿ ಒಂದು, ನಮ್ಮ ಕಾಸರಕೋಡು ಮತ್ತು ಪಡುಬಿದ್ರಿ ಇನ್ನೆರಡು. ಸ್ನಾನ, ಬಟ್ಟೆ ಬದಲಿಸುವ ವ್ಯವಸ್ಥೆ ಇದೆ, ಇಳಿಜಾರು ನಿಧಾನ, ಒಂಬತ್ತರ ಹುಡುಗನಿಗೆ ಸರಿ. ಜೀವರಕ್ಷಕರು ಇರುವ ಭಾಗದಲ್ಲೇ ಆಡಲಿ. ನಾಗೋವಾ ಕುದುರೆಲಾಳದ ಆಕಾರದ ಚಂದದ ತೀರ, ಎರಡು ತುದಿಯಲ್ಲೂ ಬಂಡೆ, ಆಡುವುದಾದರೆ ನಡುವೆ ಮಾತ್ರ. ಜಲಂಧರ್, ಚಕ್ರತೀರ್ಥ ಕೂತು ನೋಡಲು. ವಣಕ್‌ಬಾರಾದ ಗೋಮತಿಮಾತಾದಲ್ಲಿ ಮೊಣಕಾಲು ಮಟ್ಟದ ನೀರಿಗೂ ಇಳಿಯಬೇಡಿ, ಸೆಳೆತ ಬಲವಾಗಿದೆ.

ಸೆಳೆತ ಗುರುತಿಸುವುದು ಹೇಗೆ: ಸಾಲಾಗಿ ನೊರೆಯೊಡೆಯುವ ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ, ತುಸು ಕಪ್ಪಗೆ ಅಥವಾ ಮರಳು ಕದಡಿದಂತೆ ಕಂಡರೆ ಅದೇ ಜಾಗ. ತಿಳಿಯದವರು ಅಲೆ ಕಡಿಮೆ ಅಂತ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ ಆಮೇಲೆ ತಿರುಗಬೇಕು.

ಬನಾನಾ ಬೋಟ್ ಹತ್ತಿಸುವುದಾದರೆ ಮೊದಲೇ "ಉಲಟಾನಾ ನಹೀಂ" ಅಂತ ಹೇಳಿಬಿಡಿ. ಕೊನೆಗೆ ಬೇಕೆಂದೇ ಮಗುಚುವುದು ವಾಡಿಕೆ. ಜಾಕೆಟ್ಟಿನ ಮೂರೂ ಬಕಲ್ಲು ಹಾಕಿದ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಹುಡುಗನ ಕಿವಿಯವರೆಗೆ ಬಂದರೆ ಅಳತೆ ದೊಡ್ಡದಾಯಿತು, ಚಿಕ್ಕದು ಕೇಳಿ.

ವಣಕ್‌ಬಾರಾ ಈ ದ್ವೀಪದ ನಿಜವಾದ ದುಡಿಯುವ ಬಂದರು. ಬೆಳಗ್ಗೆ ಎಂಟರಿಂದ ಹತ್ತು ಒಳ್ಳೆಯ ಹೊತ್ತು, ಆದರೆ ಇಲ್ಲೂ ದೋಣಿಗಳು ಬರುವುದು ಹೋಗುವುದು ನೀರೇರಿದಾಗಲೇ. ಇಳಿತದ ಹೊತ್ತಿಗೆ ಹೋದರೆ ಕೆಸರಿನಲ್ಲಿ ಒರಗಿ ನಿಂತ ದೋಣಿಗಳು ಕಾಣುತ್ತವೆ. ಅದೂ ನೋಡಲು ಚಂದ, ದೋಣಿಯ ಅಡಿಭಾಗ, ಹಲಗೆಯ ಜೋಡಣೆ ಆಗಲೇ ಕಾಣುವುದು. ಮರದ ದೋಣಿ ಕಟ್ಟುವ, ದುರಸ್ತಿ ಮಾಡುವ ಕೆಲಸವೂ ಅಲ್ಲೇ ನಡೆಯುತ್ತದೆ. ಒಣಹಾಕಿದ ಬಲೆಯನ್ನು ದಾಟಬೇಡಿ, ಸುತ್ತಿಕೊಂಡು ಹೋಗಿ. ಹಗ್ಗ ಎಳೆಯುವಾಗ ಅದರ ಆಚೀಚೆ ನಿಲ್ಲಬೇಡಿ. ಹಿಡಿತ ಇರುವ ಚಪ್ಪಲಿ ಬೇಕು, ನೆಲವೆಲ್ಲ ಮೀನಿನ ನೀರು.

ಮೀನು ತಿನ್ನುವವರಾದರೆ ಹೆಸರು ತಿಳಿದಿರಲಿ: ನಮ್ಮ ಮಾಂಜಿ ಅಲ್ಲಿ ಪಾಪ್ಲೆಟ್, ಅಂಜಲ್ ಸುರ್ಮಾಯಿ, ಬಂಗುಡೆ ಬಾಂಗಡಾ, ಸಿಗಡಿ ಝೀಂಗಾ, ಬೊಂಬಿಲ್ ಬೂಮ್ಲಾ. ಪಾಪ್ಲೆಟ್‌ನ ಕಿವಿರಿನ ಹತ್ತಿರ ಹೆಬ್ಬೆರಳಿಂದ ಒತ್ತಿದಾಗ ಹಾಲಿನಂತಹ ನೀರು ಬಂದರೆ ತಾಜಾ, ಕೆಂಪಗೆ ಬಂದರೆ ಐಸಿನಲ್ಲಿ ಬಹಳ ದಿನ ಇತ್ತೆಂದು ಅರ್ಥ.

---

ಧಾರವಾಡದವಳು

ಎಲ್ಲರಿಗೂ ಭಾಳ ಧನ್ಯವಾದ. ನಾವು ಸಸ್ಯಾಹಾರಿಗಳು, ಮೀನು ನೋಡೋದಷ್ಟೇ. ಮೂರು ಸಣ್ಣ ಪ್ರಶ್ನೆ ಉಳಿದವು. ಪಾಣಿಕೋಟಾಕ್ಕೆ ದೋಣಿಯಲ್ಲಿ ಹೋಗಬಹುದಾ? ಮಾವ ಗಂಗೇಶ್ವರದ ಮೆಟ್ಟಿಲು ಇಳಿಯದೇ ಮೇಲಿಂದ ನೋಡಬಹುದಾ? ಬರುವಾಗ ಚೆಕ್‌ಪೋಸ್ಟ್‌ನಲ್ಲಿ ತೊಂದರೆ ಅಂತಾರಲ್ಲ, ಏನದು?

---

ಕಡಲ್ತಡಿ

ಮೇಲಿಂದ ನೋಡಬಹುದು. ಮೇಲಿನ ಮೆಟ್ಟಿಲಲ್ಲಿ ನಿಂತರೆ ಅಲೆ ಒಳಗೆ ಬರುವುದು ಕಾಣುತ್ತದೆ, ಸದ್ದಂತೂ ಚೆನ್ನಾಗಿ ಕೇಳುತ್ತದೆ.

ಪಾಣಿಕೋಟಾದತ್ತ ದೋಣಿಗಳು ಊರಿನ ಬಂದರುಕಟ್ಟೆಯಿಂದ ಹೊರಡುತ್ತವೆ. ಹೆಚ್ಚಿನವು ಸುತ್ತುಹಾಕಿಸಿ ವಾಪಸು ತರುತ್ತವೆ. ಇಳಿಸುತ್ತಾರೋ, ಸುತ್ತು ಮಾತ್ರವೋ ಅಂತ ಹಣ ಕೊಡುವ ಮೊದಲೇ ಕೇಳಿ. ಬೆಳಗ್ಗೆ ನೀರು ಶಾಂತ, ಮಧ್ಯಾಹ್ನ ಗಾಳಿ ಎದ್ದ ಮೇಲೆ ತುಂತುರು ಮೈಮೇಲೆ ಬೀಳುತ್ತದೆ. ಮಾವನಿಗೆ ಕಷ್ಟವಾಗುವುದು ಪ್ರಯಾಣವಲ್ಲ, ಹತ್ತುವುದು: ಇಳಿತವಿದ್ದಾಗ ದೋಣಿ ಕಟ್ಟೆಗಿಂತ ತುಂಬ ಕೆಳಗಿರುತ್ತದೆ. ನೀರೇರಿದಾಗ ಕಟ್ಟೆಗೂ ದೋಣಿಗೂ ಒಂದೇ ಹೆಜ್ಜೆಯ ಅಂತರ.

---

ಸೌರಾಷ್ಟ್ರ ಸುತ್ತಾಟ

ಸಸ್ಯಾಹಾರಕ್ಕೆ ಚಿಂತೆ ಇಲ್ಲ. ಬರುವವರಲ್ಲಿ ಬಹುಪಾಲು ಗುಜರಾತಿಗಳೇ, ಮಧ್ಯಾಹ್ನದ ಥಾಲಿ ಎಲ್ಲ ಕಡೆ ಸಿಗುತ್ತದೆ. ದಾಲ್, ಕಢಿಗೆ ಬೆಲ್ಲವೋ ಸಕ್ಕರೆಯೋ ಬಿದ್ದಿರುತ್ತದೆ. ಧಾರವಾಡದ ನಾಲಗೆಗೆ ಹಸಿಮೆಣಸಿನಕಾಯಿ ಬೇರೆ ಕೇಳಿದರೆ ಕೊಡುತ್ತಾರೆ.

ಚೆಕ್‌ಪೋಸ್ಟ್ ವಿಷಯ: ಗುಜರಾತಿನಲ್ಲಿ ಪಾನನಿಷೇಧ, ದಿಯು ಕೇಂದ್ರಾಡಳಿತ ಪ್ರದೇಶ, ಇಲ್ಲಿ ನಿಷೇಧವಿಲ್ಲ. ಹಾಗಾಗಿ ಹೊರಹೋಗುವ ಗಾಡಿಗಳನ್ನು ಗಡಿಯಲ್ಲಿ ತಪಾಸಣೆ ಮಾಡುತ್ತಾರೆ. ಮುಚ್ಚಳ ತೆರೆಯದ ಒಂದೇ ಬಾಟಲಿಯಿದ್ದರೂ ಅಪರಾಧವೇ. ನಿಮ್ಮ ಚೀಲದಲ್ಲಿ ಏನೂ ಇರುವುದಿಲ್ಲ ಸರಿ, ಆದರೆ ಬಾಡಿಗೆ ಕಾರಾದರೆ ಹೊರಡುವ ಮೊದಲು ಡಿಕ್ಕಿಯನ್ನೂ ಸೀಟಿನ ಕೆಳಗನ್ನೂ ಚಾಲಕನ ಎದುರಿಗೇ ತೆರೆಸಿ ನೋಡಿ. ಯಾರದೋ ಬಾಟಲಿ ಸಿಕ್ಕರೆ ಗಾಡಿಯಲ್ಲಿದ್ದವರೆಲ್ಲ ಗಂಟೆಗಟ್ಟಲೆ ಅಲ್ಲೇ ಉಳಿಯಬೇಕಾಗುತ್ತದೆ.

ಯಾರೂ ಹೇಳದ ಒಂದು ಜಾಗ ಸೇರಿಸುತ್ತೇನೆ. ಜಲಂಧರ್ ದಾಟಿ ಚಕ್ರತೀರ್ಥದ ಕಡೆ ಹೋದರೆ ಸಮುದ್ರಕ್ಕೆ ಮುಖ ಮಾಡಿದ ದಿಬ್ಬದ ಮೇಲೆ ಐಎನ್‌ಎಸ್ ಖುಕ್ರಿ ಸ್ಮಾರಕವಿದೆ. 1971ರ ಡಿಸೆಂಬರ್ 9ರ ರಾತ್ರಿ ದಿಯುವಿನಿಂದ ಸುಮಾರು ನಲವತ್ತು ನಾವಿಕ ಮೈಲಿ ಆಚೆ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್‌ನ ಟಾರ್ಪೆಡೊ ತಗುಲಿ ಈ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಗಾಜಿನ ಪೆಟ್ಟಿಗೆಯೊಳಗೆ ಹಡಗಿನ ಮಾದರಿ ಇದೆ. ಮಗನಿಗೆ ಮಾದರಿ ತೋರಿಸಿ, ಆಮೇಲೆ ಎದುರಿನ ಖಾಲಿ ಕಡಲನ್ನು ತೋರಿಸಿ. ಐದೂವರೆಗೆ ಅಲ್ಲಿಗೆ ಬಂದರೆ ಸೂರ್ಯಾಸ್ತವೂ ಅಲ್ಲೇ ಆಗುತ್ತದೆ.

ನಾಗೋವಾಕ್ಕೆ ಹೋಗುವ ದಾರಿಯಲ್ಲಿ ಹೋಕಾ ಮರ ನೋಡಲು ಮರೆಯಬೇಡಿ. ತಾಳೆಯ ಜಾತಿಯೇ, ಆದರೆ ಕಾಂಡ ಎರಡಾಗಿ, ಅದು ಮತ್ತೆ ಎರಡಾಗಿ ಕವಲೊಡೆಯುತ್ತದೆ.

ಒಟ್ಟು ಜೋಡಣೆ ಹೀಗಿರಲಿ. ಮೊದಲ ದಿನ ಮಧ್ಯಾಹ್ನ ತಲುಪಿ ಊಟ, ವಿಶ್ರಾಂತಿ, ಸಂಜೆ ಖುಕ್ರಿ ಸ್ಮಾರಕ. ಎರಡನೆಯ ದಿನ ಎಂಟಕ್ಕೆ ಕೋಟೆ, ಚರ್ಚು, ಹನ್ನೆರಡೂವರೆಗೆ ನಾಯ್ಡಾ, ನಾಲ್ಕಕ್ಕೆ ಘೋಘಲಾ. ಮೂರನೆಯ ದಿನ ಬೆಳಗ್ಗೆ ವಣಕ್‌ಬಾರಾ ನೋಡಿಕೊಂಡು ತಡ್ ಸೇತುವೆಯಿಂದ ಹೊರಡಿ. ಗಂಗೇಶ್ವರಕ್ಕೆ ಮಾತ್ರ ಹೊತ್ತು ಈಗಲೇ ಗೊತ್ತು ಮಾಡಬೇಡಿ, ಉಬ್ಬರದ ಪಟ್ಟಿ ನೋಡಿ ಎರಡನೆಯ ದಿನದ ಯಾವುದಾದರೂ ಸಂದಿಗೆ ಸೇರಿಸಿ. ಊರಿನಿಂದ ಆಟೊದಲ್ಲಿ ಹದಿನೈದು ನಿಮಿಷವೂ ಬೇಡ.

ಊರಿಗೆ ಮರಳಲು: ವೇರಾವಳದಿಂದ ತಿರುವನಂತಪುರಕ್ಕೆ ವಾರಕ್ಕೊಮ್ಮೆ ಹೊರಡುವ ರೈಲು ಕೊಂಕಣ ಮಾರ್ಗದಲ್ಲಿ ಮಡಗಾಂವ್, ಕಾರವಾರ, ಉಡುಪಿ ಮೇಲೆ ಹೋಗುತ್ತದೆ. ನಿಮಗೆ ಮಡಗಾಂವ್‌ನಲ್ಲಿ ಇಳಿದು ಹುಬ್ಬಳ್ಳಿ ಕಡೆಯ ಗಾಡಿ ಹಿಡಿಯುವುದು ಸುಲಭ. ಅದು ಹೊರಡುವ ದಿನ ನೋಡಿಕೊಂಡೇ ಕೋಣೆ ಕಾದಿರಿಸಿ.